ಹೊರಗೆ ಬೀಗ, ಒಳಗೆ ನಿದ್ದೆ

ರಾತ್ರಿ ಪಾಳಿಯವರಿಗೆ ನಿದ್ದೆ ಮಾಡುವುದನ್ನು ಕಲಿಸಬೇಕೆಂದು ಆಸ್ಪತ್ರೆಯವರು ಒಂದು ತರಬೇತಿ ಇಟ್ಟರು. ಬೆಳಗಿನ ಹತ್ತು ಗಂಟೆಗೆ ಇಟ್ಟರು. ರಾತ್ರಿಯಿಡೀ ಕಾಲ ಮೇಲೆ ನಿಂತವರು ಮನೆಗೆ ಹೋಗಿ ಅಡ್ಡಾಗುವ ಹೊತ್ತಿಗೆ ಅವರನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿ, ನಿದ್ದೆ ಎಷ್ಟು ಮುಖ್ಯ ಗೊತ್ತೇ ಎಂದು ಕೇಳುವ ಬುದ್ಧಿ ದೊಡ್ಡ ಆಸ್ಪತ್ರೆಗಳಿಗಲ್ಲದೆ ಮತ್ತಾರಿಗೆ ಬಂದೀತು? ಬಾರದವರ ಒಂದು ಪಾಳಿಯ ಸಂಬಳ ಕತ್ತರಿಸುತ್ತೇನೆ ಎಂದು ಸುಪರ್‌ವೈಜರ್ ಮೊದಲೇ ಹೇಳಿದ್ದ. ಆದ್ದರಿಂದ ಎಲ್ಲರೂ ಬಂದಿದ್ದರು.

ಮೌಲಾಬಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವಳು ಆ ಆಸ್ಪತ್ರೆಯ ಆಯಾ. ಆಸ್ಪತ್ರೆಯವರನ್ನು ಕೇಳಿದರೆ ಅವಳು ಗುತ್ತಿಗೆದಾರನ ಆಳು ಎನ್ನುತ್ತಾರೆ. ಗುತ್ತಿಗೆದಾರನನ್ನು ಕೇಳಿದರೆ ಆಸ್ಪತ್ರೆಯ ಆಯಾ ಎನ್ನುತ್ತಾನೆ. ಮುದ್ದೇಬಿಹಾಳದ ಕಡೆಯವಳು. ಗಂಡ ರಾಜಮಹ್ಮದ ಬಂದರಿನಲ್ಲಿ ಹಮಾಲಿ. ಮಗಳು ತಮನ್ನಾ ಲಗ್ನವಾಗಿ ಉಸಗಾಂವಕ್ಕೆ ಹೋದ ಮೇಲೆ ಗೋವೆಯ ಕೊರ್ತಾಲಿಮ್ ಹತ್ತಿರದ ಗುಡ್ಡದ ಓರೆಯ ತಗಡಿನ ಖೋಲಿಯಲ್ಲಿ ಇಬ್ಬರೇ ಇದ್ದರು. ಇದ್ದರು ಎಂದರೆ ಅವನು ರಾತ್ರಿ ಇರುತ್ತಿದ್ದ, ಅವಳು ಹಗಲು ಇರುತ್ತಿದ್ದಳು. ಒಂದೇ ಚಾಪೆಯನ್ನು ಗಂಡ ಹೆಂಡತಿ ಪಾಳಿಯ ಮೇಲೆ ಬಳಸುತ್ತಿದ್ದರು.

ಈ ತರಬೇತಿಗೆ ಕಾರಣ ಸುಲ್ತಾನಾ. ಅವಳೂ ಆಯಾ. ಸುಪರ್‌ವೈಜರ್ ಎರಡು ಪಾಳಿ ಒಟ್ಟಿಗೆ ಮಾಡಿಸಿದ ಮರುದಿನ ಸ್ಟ್ರೆಚರ್ ತಳ್ಳುತ್ತ ತಳ್ಳುತ್ತ ನಿಂತಲ್ಲೇ ನಿದ್ದೆ ಹೋದಳು. ಸ್ಟ್ರೆಚರ್ ಗೋಡೆಗೆ ಬಡಿಯಿತು. ಅದರ ಮೇಲಿದ್ದ ರೋಗಿಗೆ ಏನೂ ಆಗಲಿಲ್ಲ, ಗೋಡೆಯ ಬಣ್ಣ ಹೋಯಿತು. ಸುಲ್ತಾನಾಳನ್ನು ಅಂದೇ ಮನೆಗೆ ಕಳಿಸಿದರು. ಎರಡು ಪಾಳಿ ಮಾಡಿಸಿದವನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ, ಅವನು ಈ ತರಬೇತಿಗೆ ಕುರ್ಚಿ ಹಾಕಿಸುತ್ತ ನಿಂತಿದ್ದ.

ಕಲಿಸಲು ಬಂದ ಮೇಡಂ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖದವಳು. ಪರದೆಯ ಮೇಲೆ ಒಂದು ಚಿತ್ರ ಬಿಟ್ಟಳು. ಬಿಳಿ ಹಾಸಿಗೆ, ಬಿಳಿ ದಿಂಬು, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ನಗುತ್ತ ಮಲಗಿದ ಒಬ್ಬ ಹೆಂಗಸು. ಹೀಗೆ ಮಲಗಬೇಕು ಎಂದಳು. ಕೋಣೆ ಕತ್ತಲಾಗಿರಬೇಕು, ತಂಪಾಗಿರಬೇಕು, ಸದ್ದಿರಬಾರದು. ಮನೆಗೆ ಹೋಗುವಾಗ ಬಿಸಿಲು ಕಣ್ಣಿಗೆ ಬೀಳದಂತೆ ಕಪ್ಪು ಕನ್ನಡಕ ಹಾಕಿಕೊಳ್ಳಬೇಕು. ಯಾರೂ ಎಬ್ಬಿಸದಂತೆ ಮನೆಯವರಿಗೆ ತಾಕೀತು ಮಾಡಬೇಕು. ಬಾಗಿಲು ಬಡಿದರೂ ಏಳಬಾರದು, ಮೈಗೆ ಅದು ರೂಢಿಯಾಗಬೇಕು.

ಮೌಲಾಬಿ ಎದ್ದು ನಿಂತಳು. ನಮ್ಮ ಖೋಲಿಯ ಮೇಲೆ ತಗಡಿದೆ, ಮಧ್ಯಾಹ್ನದ ಹೊತ್ತಿಗೆ ಅದರ ಮೇಲೆ ರೊಟ್ಟಿ ಸುಡಬಹುದು, ತಂಪು ಎಲ್ಲಿಂದ ತರಲಿ ಎಂದು ತನಗೆ ಬರುವ ಹಿಂದಿಯಲ್ಲಿ ಕೇಳಿದಳು. ಮೇಡಂ ಒಂದು ಗಳಿಗೆ ಯೋಚಿಸಿ, ತಿಳಿ ಬಣ್ಣದ ಪರದೆ ಹಾಕಿ ನೋಡಿ ಎಂದಳು. ತಗಡಿಗೆ ಪರದೆ! ಮುಂದಿನ ಸಾಲಿನ ನರ್ಸಮ್ಮಗಳು ಕಿಸಕ್ಕೆಂದು ನಕ್ಕರು. ಯಾರನ್ನು ನೋಡಿ ನಕ್ಕರು ಎಂದು ಮೌಲಾಬಿಗೆ ತಿಳಿಯಲಿಲ್ಲ, ಕುಳಿತುಬಿಟ್ಟಳು. ಕೊನೆಗೆ ಸುಪರ್‌ವೈಜರ್ ಎದ್ದು, ನಿದ್ದೆ ನಿಮ್ಮ ಜವಾಬ್ದಾರಿ, ಇನ್ನು ಡ್ಯೂಟಿಯಲ್ಲಿ ಯಾರ ಕಣ್ಣು ಮುಚ್ಚಿದರೂ ಅವರ ದಾರಿ ಸುಲ್ತಾನಾಳ ದಾರಿ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟದಿದ್ದರೆ ನಿದ್ದೆ ಬಂದುಬಿಡುತ್ತಿತ್ತು.

ಕೆಲಸ ಹೋಗಬಾರದು. ಹೋದರೆ ಮತ್ತೆ ಕಲ್ಲು ಮಣ್ಣು ಹೊರಬೇಕು, ಅದಕ್ಕೆ ಈಗ ಸೊಂಟವಿಲ್ಲ. ಆದ್ದರಿಂದ ಮೌಲಾಬಿ ಮೇಡಂ ಹೇಳಿದ್ದನ್ನೆಲ್ಲ ಮಾಡಿದಳು. ಕಿಟಕಿಗೆ ಕೌದಿ ತುರುಕಿದಳು. ಕಿವಿಗೆ ವಾರ್ಡಿನ ಹತ್ತಿ ತುಂಬಿದಳು. ಸಮುದ್ರದ ದಂಡೆಯಲ್ಲಿ ಪ್ರವಾಸಿಗರಿಗೆ ಮಾರುವಂಥ ಕಪ್ಪು ಕನ್ನಡಕ ತೊಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕೈಯಲ್ಲಿ ಬುತ್ತಿಯ ಡಬ್ಬಿ ಹಿಡಿದು ಗುಡ್ಡ ಹತ್ತುವಾಗ ಓಣಿಯ ಹುಡುಗರು ಹೀರೋಯಿನ್ ಬಂದಳು ಎಂದು ಕೂಗುತ್ತಿದ್ದರು. ಕೂಗಲಿ ಎಂದುಕೊಂಡಳು. ಪಾದಗಳು ಬಾತು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ. ಕೈ ಎಷ್ಟು ತೊಳೆದರೂ ಫಿನೈಲು ಮತ್ತು ಬೇರೆಯವರ ಮೈಯ ವಾಸನೆ ಹೋಗುತ್ತಿರಲಿಲ್ಲ, ಅದೇ ಕೈಯಿಂದ ಚಹಾದಲ್ಲಿ ಪಾವು ಅದ್ದಿ ತಿಂದು ಬೀಳುತ್ತಿದ್ದಳು.

ಕತ್ತಲು ಸಿಕ್ಕಿತು, ಬೆವರಿನಲ್ಲಿ ನೆನೆಯುವುದೂ ರೂಢಿಯಾಯಿತು. ಆದರೆ ಬಾಗಿಲು ಬಡಿಯುವವರು ಬಿಡಬೇಕಲ್ಲ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಚಿಂತೆಯಿದ್ದವಳ ಮನೆ ಬಾಗಿಲಿಗೆ ಸಂತೆಯೇ ಬಂದು ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಎಂದ ಮೇಲೆ ಓಣಿಯ ಪಾಲಿಗೆ ಅವಳು ಅರ್ಧ ಡಾಕ್ಟರು. ಒಬ್ಬಳು ರಕ್ತದ ರಿಪೋರ್ಟು ಹಿಡಿದು ಬರುವಳು. ಇನ್ನೊಬ್ಬನಿಗೆ ಗುಳಿಗೆ ಊಟದ ಮೊದಲೋ ಆಮೇಲೋ ತಿಳಿಯಬೇಕು. ಹೆಣ ಒರೆಸುವುದು ಬಿಟ್ಟು ನನಗೇನೂ ಬರುವುದಿಲ್ಲ ಎಂದು ಹೇಳಿದರೂ ಕೇಳರು, ಸೊಕ್ಕು ಬಂದಿದೆ ಅನ್ನುವರು.

ಕೊನೆಗೆ ರಾಜಮಹ್ಮದನೇ ಒಂದು ದಾರಿ ಹುಡುಕಿದ. ಬೆಳಿಗ್ಗೆ ಅವಳು ಒಳಗೆ ಮಲಗಿದ ಕೂಡಲೇ ಹೊರಗಿನಿಂದ ಬೀಗ ಜಡಿದು, ಕೀಲಿಕೈಯನ್ನು ಎದುರಿನ ಗೌರಿಬಾಯಿಗೆ ಕೊಟ್ಟು ಕೆಲಸಕ್ಕೆ ಹೋಗತೊಡಗಿದ. ಗೌರಿಬಾಯಿ ಬಾಗಿಲಲ್ಲೇ ಬೀಡಿ, ಬಿಸ್ಕೀಟು ಇಟ್ಟುಕೊಂಡು ಮಾರುವ ಲಮಾಣಿ ಹೆಂಗಸು. ಇಡೀ ದಿನ ಅಲ್ಲೇ ಇರುತ್ತಾಳೆ, ಮಾತಿಗೆ ಗಟ್ಟಿ. ಯಾರು ಬಂದು ಕೇಳಿದರೂ ಒಳಗೆ ಯಾರೂ ಇಲ್ಲ ಎಂದು ಹೇಳುವುದು, ಮೂರು ಗಂಟೆಯ ಸುಮಾರಿಗೆ ಬೀಗ ತೆಗೆಯುವುದು ಅವಳ ಪಾಲಿನ ಕೆಲಸ. ಅಲ್ಲಿಯವರೆಗೆ ಮೌಲಾಬಿಗೆ ಮೂಲೆಯಲ್ಲಿ ಒಂದು ಕೊಡ ನೀರು, ಇನ್ನೊಂದು ಮೂಲೆಯಲ್ಲಿ ಒಂದು ಬಕೀಟು. ಊರಿನ ಬಕೀಟು ತೆಗೆಯುವವಳಿಗೆ ತನ್ನ ಬಕೀಟಿನ ನಾಚಿಕೆ ಏನು? ಬೀಗ ನೋಡಿದವರು ಹಿಂದಿರುಗಿ ಹೋಗುತ್ತಿದ್ದರು. ಮೌಲಾಬಿಗೆ ನಿದ್ದೆ ಬಂತು. ಆ ಸಾಲಿನಲ್ಲಿ ರಾತ್ರಿ ಕಾವಲಿನವರು, ಮೀನು ಇಳಿಸುವವರು ಇನ್ನೂ ಕೆಲವರಿದ್ದರು. ಅವರೂ ಇದನ್ನೇ ಕಲಿತರು.

ಆ ದಿನಗಳಲ್ಲೇ ಸರ್ಕಾರ ಗುಡ್ಡ ಹತ್ತಿತು.

ಓರೆಯ ಮೇಲಿನ ಖೋಲಿಗಳೆಲ್ಲ ಅಕ್ರಮ, ಆದರೆ ವಾಸವಿದ್ದವರಿಗೆ ಸ್ವಲ್ಪ ಸಮಯ ಕೊಡೋಣ, ಜಾಗ ಹಿಡಿಯಲೆಂದು ಕಟ್ಟಿ ಬೀಗ ಹಾಕಿಟ್ಟ ಖಾಲಿ ಖೋಲಿಗಳನ್ನು ಮೊದಲು ಕೆಡವೋಣ ಎಂದು ಮೇಲಿನವರು ತೀರ್ಮಾನಿಸಿದ್ದರಂತೆ. ದಯವಂತರು. ಯಾವುದು ಖಾಲಿ ಎಂದು ನೋಡಲು ಒಬ್ಬ ಸಾಹೇಬ ಬಂದ. ಹಗಲು ಹನ್ನೊಂದಕ್ಕೆ ಬಂದ, ಯಾಕೆಂದರೆ ಸರ್ಕಾರ ಆಗ ಎದ್ದಿರುತ್ತದೆ. ಪಕ್ಕದ ಭರಮಪ್ಪ ಮತ್ತು ಲಕ್ಷ್ಮವ್ವ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಬೀಗ. ಮೌಲಾಬಿ ಒಳಗೆ ಮಲಗಿದ್ದಳು, ಬೀಗ. ಬೇರೆಲ್ಲೋ ಒಬ್ಬ ಸೋಮಾರಿ ಗಂಡಸು ಬಾಗಿಲಲ್ಲಿ ಇಸ್ಪೀಟು ಕಲೆಸುತ್ತ ಕೂತಿದ್ದ, ಅವನು ವಾಸ ಇದ್ದವನೆಂದು ಆಯಿತು. ದುಡಿಯುವವರೆಲ್ಲ ಖಾಲಿ.

ಸಾಹೇಬ ಮೂರು ಸಲ ಬಂದ. ನಿಯಮದ ಮನುಷ್ಯ. ಮೂರು ಸಲವೂ ಮೌಲಾಬಿಯ ಬೀಗ ಹಿಡಿದು ಅಲ್ಲಾಡಿಸಿ ಎದುರಿನ ಗೌರಿಬಾಯಿಯನ್ನು ಕೇಳಿದ. ಗೌರಿಬಾಯಿ ಮೂರು ಸಲವೂ ಒಳಗೆ ಯಾರೂ ಇಲ್ಲ ಎಂದಳು. ಕೊಟ್ಟ ಮಾತು ಕೊಟ್ಟ ಮಾತೇ. ಜ್ವರದ ಸೊಳ್ಳೆ ನೋಡಲು ಬರುವವರೂ ಹೀಗೆಯೇ ಕೇಳಿ ಬಾಗಿಲಿಗೆ ಗುರುತು ಹಾಕಿ ಹೋಗುತ್ತಾರೆ, ಇವರೂ ಅವರೇ ಎಂದು ಅವಳು ತಿಳಿದಿದ್ದಳು. ಸಂಜೆ ಬಾಗಿಲ ಮೇಲಿನ ಕೆಂಪು ಬಣ್ಣದ ಗೀಟು ನೋಡಿ ಮೌಲಾಬಿಯೂ ಹಾಗೆಯೇ ತಿಳಿದಳು. ಮನೆಯ ಮುಂದೆ ನಿಂತ ನೀರನ್ನೆಲ್ಲ ಬಳಿದು ಚೆಲ್ಲಿ ಚೊಕ್ಕ ಮಾಡಿದಳು.

ಜೇಸೀಬಿ ಬಂದ ದಿನ ಅವಳಿಗೆ ಎಂದೂ ಬಾರದಂಥ ನಿದ್ದೆ. ಹಿಂದಿನ ಪಾಳಿಯಲ್ಲಿ ವಾರ್ಡಿನಲ್ಲಿ ಸಾವಾಗಿತ್ತು, ಕೂರಲಿಕ್ಕೇ ಆಗಿರಲಿಲ್ಲ. ಎಲ್ಲೋ ದೂರದಲ್ಲಿ ಬಾಗಿಲು ಬಡಿದಂತೆ ಕೇಳಿತು. ಯಾರೋ ರಿಪೋರ್ಟಿನವರು ಎಂದುಕೊಂಡಳು. ಮೇಡಂ ಕಲಿಸಿದಂತೆ ಅಲುಗಾಡದೆ ಬಿದ್ದುಕೊಂಡಳು. ಬಡಿತ ಜೋರಾಯಿತು. ನಿನ್ನ ರಕ್ತದಲ್ಲಿ ಸಕ್ಕರೆ ಇದ್ದರೆ ನಾನೇನು ನೆಕ್ಕಲೇ ಎಂದು ಮನಸ್ಸಿನಲ್ಲೇ ಬೈದು, ಕಿವಿಯ ಹತ್ತಿಯನ್ನು ಇನ್ನಷ್ಟು ಒತ್ತಿಕೊಂಡಳು. ಇಂಥ ಗಟ್ಟಿ ವಿದ್ಯಾರ್ಥಿನಿ ಆ ಮೇಡಂಗೆ ಹುಟ್ಟಿದ ಮೇಲೆ ಸಿಕ್ಕಿರಲಿಕ್ಕಿಲ್ಲ.

ಹೊರಗೆ ಬಡಿಯುತ್ತಿದ್ದವಳು ಗೌರಿಬಾಯಿ. ಒಳಗೆ ಹೆಂಗಸು ಮಲಗಿದ್ದಾಳೆ, ಕೀಲಿಕೈ ನನ್ನ ಹತ್ತಿರ ಇದೆ, ತೆಗೆದು ತೋರಿಸುತ್ತೇನೆ ಎಂದು ಅವಳು ಬೇಡಿಕೊಂಡರೆ ಸಾಹೇಬ ಬೀಗಕ್ಕೆ ಅಡ್ಡ ನಿಂತಿದ್ದ. ಮೂರು ಸಲ ಯಾರೂ ಇಲ್ಲ ಎಂದವಳು ನೀನೇ ಅಲ್ಲವೇ ಎಂದು ಕೇಳಿದ. ಆಗ ಸುಳ್ಳು ಹೇಳಿದ್ದೆ ಎಂದಳು. ಆಗ ಸುಳ್ಳು ಹೇಳಿದವಳು ಈಗ ಮಾತ್ರ ನಿಜ ಹೇಳುತ್ತೀಯಾ ಎಂದ. ಕೊನೇ ಗಳಿಗೆಯಲ್ಲಿ ಬೀಗ ತೆಗೆದು ಯಾರನ್ನೋ ಒಳಗೆ ತುರುಕಿ ಸಂಸಾರ ತೋರಿಸುವ ನಿಮ್ಮ ಆಟವೆಲ್ಲ ನನಗೆ ಗೊತ್ತು ಎಂದು ಹೇಳಿ ಕೈ ಬೀಸಿದ. ಜೇಸೀಬಿ ಓಡಿಸುವ ದೇವು ಅನುಮಾನಿಸುತ್ತಲೇ ಬಕೆಟ್ಟನ್ನು ಮುಂದಕ್ಕೆ ತಂದ.

ತಗಡು ಕಿರ್ರೆಂದು ಮಡಚಿತು. ಒಂದು ಮೂಲೆ ಬಿಚ್ಚಿ, ಬಿಸಿಲು ಮೌಲಾಬಿಯ ಮುಖದ ಮೇಲೆ ಬಿತ್ತು. ಅವಳು ಎದ್ದು ಕುಳಿತಳು. ತಲೆಯ ಮೇಲೆ ಹಳದಿ ಬಣ್ಣದ ಹಲ್ಲುಗಳು ಕಂಡವು. ಕೂಗಿದಳು. ಆ ಕೂಗು ಯಂತ್ರದ ಸದ್ದನ್ನೂ ಮೀರಿ ಕೇಳಿರಬೇಕು, ದೇವು ಬಕೆಟ್ಟನ್ನು ಹಿಂದಕ್ಕೆ ಎಳೆದು ಎಂಜಿನ್ ನಿಲ್ಲಿಸಿ ಕೆಳಗೆ ಹಾರಿದ. ಗೌರಿಬಾಯಿ ಬೀಗ ತೆಗೆದಳು.

ಬಾಗಿಲು ತೆರೆದಾಗ ಮೌಲಾಬಿ ಖೋಲಿಯ ನಡುವೆ ನಿಂತಿದ್ದಳು. ಕೂದಲು ಕೆದರಿತ್ತು, ಬೆವರಿನಿಂದ ಬಟ್ಟೆ ಮೈಗೆ ಅಂಟಿತ್ತು, ಒಂದು ಕಿವಿಯಲ್ಲಿ ಹತ್ತಿ ಇತ್ತು. ಮೂಲೆಯ ಬಕೀಟು ಎಲ್ಲರಿಗೂ ಕಾಣುತ್ತಿತ್ತು. ಸಾಹೇಬ ಮೂಗಿಗೆ ಕರ್ಚೀಪು ಹಿಡಿದ. ತನ್ನ ಖೋಲಿಯಲ್ಲಿ, ತನ್ನ ನಿದ್ದೆಯಲ್ಲಿ, ಪರಗಂಡಸರ ಗುಂಪಿನ ಮುಂದೆ ಹೀಗೆ ನಿಲ್ಲಬೇಕಾಯಿತಲ್ಲ ಎಂದು ಅವಳಿಗೆ ಮೊದಲು ಅಳು ಬಂತು. ಆ ಕರ್ಚೀಪು ಕಂಡು ಅಳು ಹೋಯಿತು.

ಸಾಹೇಬ ಕೊಂಕಣಿಯಲ್ಲಿ ಏನೋ ಹೇಳಿದ. ದೇವು ಬಾಗಲಕೋಟೆಯ ಕಡೆಯವನು, ಅದನ್ನು ಕನ್ನಡಕ್ಕೆ ತಂದ.

"ಅಕ್ಕಾರ, ಹೊರಗ ಬರ್ರಿ. ಕುಂತು ಮಾತಾಡೂಣು ಅಂತಾರ ಸಾಹೇಬ್ರು."

"ನಾ ಹೊರಗ ಬಂದ್ರ ಇದು ಖಾಲಿ ಖೋಲಿ ಆಗ್ತೈತಿ. ಖಾಲಿ ಖೋಲಿ ಕೆಡವಾಕ ಬಂದೀರಿ ನೀವು. ನಾ ಬರಂಗಿಲ್ಲ."

ಮೂರು ಸಲ ಬಂದಾಗ ಎಲ್ಲಿ ಹಾಳಾಗಿ ಹೋಗಿದ್ದಳು ಕೇಳು ಎಂದ ಸಾಹೇಬ. ಅದನ್ನು ದೇವು ಮೆತ್ತಗೆ ಮಾಡಿ ಕೇಳಿದ.

"ಇಲ್ಲೇ ಮಲಗಿದ್ದೆ," ಎಂದಳು ಮೌಲಾಬಿ. "ಅವರು ಎದ್ದಿದ್ದಾಗ ನಾ ಮಲಗಿರ್ತೀನಿ. ಅವರು ಮಲಗಿದಾಗ ಅವರ ಮಂದೀದು ಹೇಲು ಉಚ್ಚಿ ಬಳಿಯಾಕತ್ತಿರ್ತೀನಿ. ಹಿಂಗಾಗಿ ನಾ ಅವರ ಕಣ್ಣಿಗೆ ಬಿದ್ದಿಲ್ಲ. ಇದನ್ನ ಮೆತ್ತಗ ಮಾಡಬ್ಯಾಡೋ ತಮ್ಮಾ, ಹೆಂಗ ಐತಿ ಹಂಗ ಹೇಳು."

ದೇವು ಹಾಗೆಯೇ ಹೇಳಿದ. ಕೊಂಕಣಿಯಲ್ಲೂ ಅದಕ್ಕೆ ಮಾತುಗಳಿವೆ. ಸಾಹೇಬ ಕೆಂಪಾದ. ನಾಳೆ ಹನ್ನೊಂದಕ್ಕೆ ಕಚೇರಿಗೆ ಬಂದು ಅರ್ಜಿ ಕೊಡಲಿ, ಈಗ ಹೊರಗೆ ಬರಲಿ ಎಂದ. ಹನ್ನೊಂದಕ್ಕೆ ನನಗೆ ನಿದ್ದೆ, ಬೇಕಾದರೆ ಸಾಹೇಬರೇ ರಾತ್ರಿ ವಾರ್ಡಿಗೆ ಬರಲಿ, ಎದ್ದಿರುತ್ತೇನೆ ಎಂದು ಮೌಲಾಬಿ ದೇವುವಿನ ಬಾಯಲ್ಲಿ ಹೇಳಿಸಿದಳು. ಆಮೇಲೆ ಅವಳು ಗೌರಿಬಾಯಿಯ ಕಡೆ ತಿರುಗಿದಳು.

"ಕೀಲಿ ಹಾಕು."

"ಮೌಲಕ್ಕಾ, ಮ್ಯಾಲಿನ ತಗಡ ಕಿತ್ತೈತಿ..."

"ಹಾಕು ಅಂದೆ. ನನಗ ಇನ್ನೂ ನಿದ್ದಿ ಮುಗಿದಿಲ್ಲ."

ಮನುಷ್ಯರನ್ನು ಒಳಗೆ ಹಾಕಿ ಬೀಗ ಜಡಿಯುವುದು ಅಪರಾಧ ಎಂದು ಸಾಹೇಬನಿಗೆ ಆಗ ನೆನಪಾಯಿತು. ಮನುಷ್ಯರು ಒಳಗಿರುವಾಗ ಮನೆ ಕೆಡವುವುದು ಏನೆಂದು ಗೌರಿಬಾಯಿ ಕೇಳಿ, ಬೀಗ ಒತ್ತಿದಳು. ಅಷ್ಟರಲ್ಲಿ ಓಣಿಯ ಮಂದಿ ಕೂಡಿದ್ದರು, ನಾಲ್ಕಾರು ಜನ ಮೊಬೈಲು ಎತ್ತಿ ಹಿಡಿದಿದ್ದರು. ಸಾಹೇಬ ಮೇಲಿನವರಿಗೆ ಫೋನು ಮಾಡಿದ. ಮೇಲಿನವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ, ಒಂದು ಜೀವಕ್ಕೂ ಪೆಟ್ಟಾಗಬಾರದು, ನಾಳೆ ಮತ್ತೊಮ್ಮೆ ಪ್ರತಿ ಬೀಗ ನೋಡಿ ಖಾಲಿ ಇದ್ದವನ್ನು ಕೆಡವು ಎಂದರು. ಐದಕ್ಕೆ ಸರ್ಕಾರ ಗುಡ್ಡ ಇಳಿಯಿತು. ಜೇಸೀಬಿ ಅಲ್ಲೇ ನಿಂತಿತು.

ಒಳಗೆ ಮೌಲಾಬಿಗೆ ಆಮೇಲೆ ನಿದ್ದೆ ಹತ್ತಲಿಲ್ಲ. ಹರಿದ ಮೂಲೆಯಿಂದ ಬಿಸಿಲು ಸರಿಯುವುದನ್ನು ನೋಡುತ್ತ ಬಿದ್ದಿದ್ದಳು. ಸಂಜೆಗೆ ಎದ್ದು ಮುಖ ತೊಳೆದು ಡ್ಯೂಟಿಯ ಸೀರೆ ಉಟ್ಟಳು. ಹೋಗದಿದ್ದರೆ ಕೆಲಸ ಹೋಗುತ್ತದೆ, ಹೋದರೆ ಖೋಲಿ ಖಾಲಿ. ತನಗಾದರೂ ಬೆಳಿಗ್ಗೆ ಬಂದು ಒಳಗೆ ಮಲಗಲು ಆಗುತ್ತದೆ. ಭರಮಪ್ಪ, ಲಕ್ಷ್ಮವ್ವ ಏನು ಮಾಡಬೇಕು? ಅವರದು ಸ್ಲ್ಯಾಬಿನ ಕೆಲಸ, ನಾಳೆ ತಪ್ಪಿಸಿದರೆ ನಾಡಿದ್ದು ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಲಕ್ಷ್ಮವ್ವ ಬಾಗಿಲ ಮುಂದೆ ಕೂತು, ನಿನಗೆ ಹಗಲು ನಿದ್ದೆಯಾದರೂ ಇದೆ ಮೌಲಕ್ಕಾ, ನಮಗೆ ಅದೂ ಇಲ್ಲ ಎಂದು ಅತ್ತಳು. ಹಗಲು ನಿದ್ದೆಗೆ ಯಾರಾದರೂ ಹೊಟ್ಟೆಕಿಚ್ಚು ಪಟ್ಟದ್ದು ಮೌಲಾಬಿಯ ಬಾಳಿನಲ್ಲಿ ಅದೇ ಮೊದಲು.

ಆಸ್ಪತ್ರೆಯ ಗಾಡಿ ಹತ್ತಲು ಹೊರಟವಳು ಅಲ್ಲೇ ನಿಂತು ಹೇಳಿದಳು: "ನಾಳಿ ಎಲ್ಲಾ ಬಾಗಲಕ್ಕೂ ಕೀಲಿ ಹಾಕ್ರಿ. ಇದ್ದವರದಕ್ಕೂ ಹಾಕ್ರಿ, ಇಲ್ಲದವರದಕ್ಕೂ ಹಾಕ್ರಿ. ಯಾರು ಬಡದ್ರೂ ಒಳಗಿನವರು ಉಸುರು ಬಿಡಬ್ಯಾಡ್ರಿ. ಯಾವುದು ಖಾಲಿ, ಯಾವುದು ತುಂಬಿದ್ದು, ಅವರೇ ಹುಡಕಲಿ."

ಮರುದಿನ ಹಾಗೆಯೇ ಆಯಿತು. ಮೌಲಾಬಿ ಪಾಳಿ ಮುಗಿಸಿ ಬಂದು ಒಳಗೆ ಹೋದಳು. ಮುದುಕರು, ಬಸುರಿಯರು, ರಾತ್ರಿ ಕಾವಲಿನವರು, ಒಂದು ದಿನದ ಕೂಲಿ ಬಿಟ್ಟವರು ತಮ್ಮ ತಮ್ಮ ಖೋಲಿ ಹೊಕ್ಕರು. ಇಸ್ಪೀಟಿನ ಸೋಮಾರಿಯೂ ಹೊಕ್ಕ. ಗೌರಿಬಾಯಿ ಅಂಗಡಿ ಎತ್ತಿಟ್ಟು ಒಳಗೆ ಕೂತಳು. ಲಕ್ಷ್ಮವ್ವನದು ಮತ್ತು ಅವಳಂತೆ ಕೆಲಸಕ್ಕೆ ಹೋಗಲೇಬೇಕಾದವರದು ನಿಜಕ್ಕೂ ಖಾಲಿ. ರಾಜಮಹ್ಮದ ಸಾಲಿನುದ್ದಕ್ಕೂ ಬೀಗ ಜಡಿದು, ಕೀಲಿಕೈಗಳ ಗೊಂಚಲನ್ನು ಜೇಬಿಗಿಟ್ಟುಕೊಂಡು ಬಂದರಿಗೆ ಹೋದ. ಒಂದು ಕಿಡಿ ಬಿದ್ದರೆ ಎಲ್ಲರೂ ಒಳಗೇ ಸುಟ್ಟು ಹೋಗುತ್ತಿದ್ದರು. ಅದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ.

ಸಾಹೇಬ ಬಂದು ನೋಡಿದ. ನಿನ್ನೆ ತೆರೆದಿದ್ದ ಬಾಗಿಲುಗಳಿಗೂ ಬೀಗ. ಓಣಿಯಲ್ಲಿ ಒಂದು ಕೋಳಿ ಬಿಟ್ಟು ಯಾರೂ ಇಲ್ಲ. ಮೊದಲ ಬಾಗಿಲು ಬಡಿದ, ಸದ್ದಿಲ್ಲ. ಎರಡನೆಯದನ್ನು ಬಡಿದ. ಬೀಗ ಒಡೆಯಿರಿ ಎಂದರೆ ಜೊತೆಗೆ ಬಂದಿದ್ದ ಪೊಲೀಸರು, ನಮಗಿರುವುದು ಖಾಲಿ ಖೋಲಿ ಕೆಡವುವಾಗ ಕಾಯುವ ಆರ್ಡರು, ಮನೆ ಬೀಗ ಒಡೆಯುವುದಕ್ಕೆ ಬೇರೆ ಆರ್ಡರು ಬೇಕು ಎಂದರು. ಸಾಹೇಬ ಕೊನೆಗೆ ಬಗ್ಗಿ ತಗಡಿಗೆ ಕಿವಿ ಹಚ್ಚಿದ, ಒಳಗೆ ಯಾರಾದರೂ ಉಸಿರಾಡುತ್ತಾರೇನೋ ಎಂದು. ಹನ್ನೊಂದರ ಬಿಸಿಲಿನ ತಗಡು ಅವನ ಕಿವಿ ಸುಟ್ಟಿತು.

ಆಗ ಅವನಿಗೆ ಬುದ್ಧಿ ಬಂತು. ಓಣಿಗೆಲ್ಲ ಕೇಳುವಂತೆ ಹಿಂದಿಯಲ್ಲಿ ಸಾರಿದ: ಯಾರು ಒಳಗಿನಿಂದ ಒಂದು ಮಾತು ಆಡುತ್ತಾರೋ ಅವರ ಖೋಲಿ ಇವತ್ತು ಉಳಿಯುತ್ತದೆ. ಮಾತಾಡದವರದು ಖಾಲಿ.

ಸಾರಿದವನು ನೆಟ್ಟಗೆ ಮೌಲಾಬಿಯ ಬಾಗಿಲಿಗೆ ಬಂದ. ಇಲ್ಲಿ ಹೆಂಗಸಿದ್ದಾಳೆ ಎಂದು ಅವನಿಗೆ ಗೊತ್ತು. ಅವಳೊಬ್ಬಳು ಇದ್ದೇನೆ ಎಂದರೆ ಸಾಕು, ಉಳಿದವರೂ ಹೆದರಿ ಒಬ್ಬೊಬ್ಬರಾಗಿ ಬಾಯಿ ಬಿಡುತ್ತಾರೆ, ಕೊನೆಗೆ ಸುಮ್ಮನಿರುವ ಖೋಲಿಗಳು ಯಾವುವು ಎಂದು ತಾನಾಗಿ ತಿಳಿಯುತ್ತದೆ. ಅದು ಮೌಲಾಬಿಗೂ ತಿಳಿಯಿತು. ಚಾಪೆಯ ಮೇಲೆ ಬಿದ್ದುಕೊಂಡು ಪಕ್ಕದ ಗೋಡೆಯನ್ನು ನೋಡಿದಳು. ಅದೂ ತಗಡೇ. ಅದರಾಚೆ ಲಕ್ಷ್ಮವ್ವನ ಒಲೆ, ಗಡಿಗೆ, ಕೊಡ ಮಾತ್ರ ಇದ್ದವು. ಅವು ಮಾತಾಡುವುದಿಲ್ಲ.

ಹೌದು ಎಂಬ ಎರಡೇ ಅಕ್ಷರ ಸಾಕಿತ್ತು. ಹಿಂದಿಯಲ್ಲಾದರೆ ಒಂದೇ. ಇಷ್ಟು ವರ್ಷ ಗೋವೆಯಲ್ಲಿ ನೀನು ಇದ್ದೀಯಾ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಈಗ ಸರ್ಕಾರವೇ ಬಿಸಿಲಲ್ಲಿ ನಿಂತು ಕೇಳುತ್ತಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ಹಲ್ಲಿನ ನಡುವೆ ಕಚ್ಚಿಕೊಂಡಳು.

"ಅಕ್ಕಾರ," ಎಂದು ದೇವು ಹೊರಗಿನಿಂದ ಕರೆದ. "ಅದೀರೋ ಇಲ್ಲೋ, ಅಷ್ಟ ಹೇಳ್ರಿ. ಸಾಹೇಬ್ರು ಕೈ ಮುಗ್ಯಾಕತ್ತಾರ."

ಮುಗಿಯಲಿ ಎಂದುಕೊಂಡಳು. ರಾತ್ರಿಯೆಲ್ಲ ನಿಂತ ಕಾಲು ಸಿಡಿಯುತ್ತಿತ್ತು. ಕೀರಲು ಸದ್ದು ಕೂಡ ಬಾರದಂತೆ ಮೆಲ್ಲಗೆ ಮಗ್ಗುಲು ಬದಲಿಸಿ, ಸರ್ಕಾರಕ್ಕೆ ಬೆನ್ನು ಹಾಕಿ ಮಲಗಿದಳು.